ಆಂಬುಲೆನ್ಸ್ ಒಳಗೆ ಕೂರುವವರಿಗೂ ಸಂಜೆ ಕಾಲೇಜು ಬೇಕು

ಸಂಪಾದಕರೇ,

ಪಿಯುಸಿ ಫಲಿತಾಂಶ ಬಂತೆಂದರೆ ಪತ್ರಿಕೆ ತುಂಬಾ ಪ್ಯಾರಾಮೆಡಿಕಲ್ ಕಾಲೇಜುಗಳ ಜಾಹೀರಾತು. ಲ್ಯಾಬ್ ಟೆಕ್ನಿಷಿಯನ್, ಎಕ್ಸ್-ರೇ, ಡಯಾಲಿಸಿಸ್, ಆಪರೇಷನ್ ಥಿಯೇಟರ್. ಎಲ್ಲವೂ ಬೇಕಾದ ಕೆಲಸಗಳೇ. ಆದರೆ ಇವೆಲ್ಲ ರೋಗಿ ಆಸ್ಪತ್ರೆ ಬಾಗಿಲು ತಲುಪಿದ ಮೇಲಿನವು. ಅಲ್ಲಿಯವರೆಗೆ ಪಕ್ಕದಲ್ಲಿ ಕೂರುವವರ ತರಬೇತಿ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ.

ನಾನು ತಿಪಟೂರಿನವಳು, ಈಗ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ಇಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಇಎಂಟಿ, ಅಂದರೆ ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್ ಕೋರ್ಸ್ ಮಾಡಿದೆ. ಸ್ವಲ್ಪ ಕಾಲ ಆಂಬುಲೆನ್ಸ್‌ನಲ್ಲಿ ಕೆಲಸ ಮಾಡಿ ಈಗ ಅದರ ಮೇಲಿನ ಹಂತವಾದ ಪ್ಯಾರಾಮೆಡಿಕ್ ತರಗತಿಗೆ ಸೇರಿದ್ದೇನೆ. ನಾನು ಓದಿದ್ದು ಬಿ.ಕಾಂ. ಯಾಕೆ ಬಂದಿರಿ ಅಂತ ಯಾರೂ ಕೇಳಲಿಲ್ಲ. ಪಕ್ಕದ ಬೆಂಚಿನಲ್ಲಿ ಸೈನ್ಯ ಬಿಟ್ಟು ಬಂದವನು, ಅದರಾಚೆ ಹಗಲೆಲ್ಲಾ ಲಾರಿ ಓಡಿಸಿ ಬರುವವನು. ತರಗತಿ ಸಂಜೆ. ಈ ರಾಜ್ಯದ ನಿವಾಸಿಗಳಿಗೆ ಶುಲ್ಕ ಯೂನಿಟ್‌ಗೆ (ಅಂದರೆ ಒಂದು ಕ್ರೆಡಿಟ್‌ಗೆ) 46 ಡಾಲರ್. ಅಮೆರಿಕದಲ್ಲಿ ಇಷ್ಟು ಅಗ್ಗದ ಓದು ಬೇರೆ ಸಿಗುವುದು ಕಷ್ಟ.

ಇಎಂಟಿಗೆ ಕನಿಷ್ಠ 170 ಗಂಟೆಯ ಪಾಠ. ಅದರಲ್ಲಿ 24 ಗಂಟೆ ಆಸ್ಪತ್ರೆ ಅಥವಾ ಆಂಬುಲೆನ್ಸ್‌ನಲ್ಲಿ, 10 ರೋಗಿಗಳನ್ನು ನೋಡಲೇಬೇಕು. ಪ್ಯಾರಾಮೆಡಿಕ್ ಆಗಲು ಸಾವಿರ ಗಂಟೆಗೂ ಜಾಸ್ತಿ. ಇಸಿಜಿ ಓದುವುದು, ಶ್ವಾಸನಾಳಕ್ಕೆ ಕೊಳವೆ ಹಾಕುವುದು, ಔಷಧದ ಲೆಕ್ಕ ಎಲ್ಲಾ ಅಲ್ಲಿ ಬರುತ್ತದೆ.

ಪರೀಕ್ಷೆ ಹೇಗಿರುತ್ತದೆ ಗೊತ್ತಾ? ನೆಲದ ಮೇಲೆ ಗೊಂಬೆ ಮಲಗಿರುತ್ತದೆ. ಮುಟ್ಟುವ ಮೊದಲು ಗ್ಲೌಸ್ ಹಾಕಿದ್ದೇನೆ, ಈ ಜಾಗ ಸುರಕ್ಷಿತವಾಗಿದೆ ಅಂತ ಬಾಯಿಬಿಟ್ಟು ಹೇಳಬೇಕು. ಹೇಳದೆ ಕೈ ಹಾಕಿದರೆ ಫೇಲ್. ಮೊದಮೊದಲು ನನಗೂ ಇದೇನು ನಾಟಕ ಅನ್ನಿಸಿತ್ತು. ಬಿ.ಎಚ್. ರಸ್ತೆಯಲ್ಲಿ ಅಪಘಾತವಾದಾಗ ಹಿಂದೆ ಬರುವ ಲಾರಿ ನೋಡದೆ ಓಡಿ ಹೋಗುವವರನ್ನು ನೆನೆದರೆ ನಾಟಕ ಅನ್ನಿಸುವುದಿಲ್ಲ.

ಇನ್ನೊಂದು, ಪುಸ್ತಕದಿಂದ ಕಲಿಯಲು ಆಗದ್ದು. ಓಡುವ ಗಾಡಿಯಲ್ಲಿ ಬಿಪಿ ನೋಡುವಾಗ ಸ್ಟೆತಸ್ಕೋಪಿನಲ್ಲಿ ಕೇಳುವುದು ಬರೀ ಎಂಜಿನ್ ಸದ್ದು. ಪಾದ ನೆಲದಿಂದ ಎತ್ತಿ ಸ್ಟ್ರೆಚರಿನ ಕಂಬಿ ಮೇಲಿಡು ಅಂದರು ಹಿರಿಯರೊಬ್ಬರು. ಇಟ್ಟೆ. ಗುರುಗುರು ಇಳಿದು ಸಣ್ಣಗೆ ಬಡಿತ ಕೇಳಿಸಿತು.

ಡಿಗ್ರಿ ಇಲ್ಲದವರ ಕೈಗೆ ರೋಗಿಯನ್ನು ಕೊಡುವುದಾ ಅಂತ ನಮ್ಮವರು ಕೇಳುತ್ತಾರೆ. ಈಗ ಖಾಸಗಿ ಆಂಬುಲೆನ್ಸ್‌ಗಳಲ್ಲಿ ಎಷ್ಟೋ ಸಲ ಕೊಡುತ್ತಿರುವುದು ಯಾರ ಕೈಗೆ? ಡ್ರೈವರ್ ಕೈಗೆ. ಅವನ ಎರಡೂ ಕೈ ಸ್ಟೀರಿಂಗ್ ಮೇಲೆ. ಅಮೆರಿಕದಲ್ಲೂ ಒಂದು ಕಾಲಕ್ಕೆ ಹೆಣ ಸಾಗಿಸುವ ಗಾಡಿಯಲ್ಲೋ ಪೊಲೀಸ್ ವ್ಯಾನಿನಲ್ಲೋ ರೋಗಿಯನ್ನು ಒಯ್ಯುತ್ತಿದ್ದರು. 1967ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಫ್ರೀಡಂ ಹೌಸ್ ಆಂಬುಲೆನ್ಸ್ ಶುರುವಾಯಿತು. ಡಾ. ಪೀಟರ್ ಸಾಫರ್ ಅದಕ್ಕಾಗಿ ಅಲ್ಲಿನ ಹಿಲ್ ಡಿಸ್ಟ್ರಿಕ್ಟ್ ಬಡಾವಣೆಯ ಕಪ್ಪು ಜನರನ್ನು ತರಬೇತು ಮಾಡಿದರು. ಅವರಲ್ಲಿ ಹೈಸ್ಕೂಲು ಮುಗಿಸದವರು, ಕೆಲಸವೇ ಇಲ್ಲದವರು ಇದ್ದರು. ಈ ದೇಶದ ಮೊದಲ ಪ್ಯಾರಾಮೆಡಿಕ್‌ಗಳ ಸಾಲಿನಲ್ಲಿ ಅವರ ಹೆಸರಿದೆ.

ನಮ್ಮಲ್ಲಿ 108 ಸೇವೆ 2008ರ ನವೆಂಬರ್ 1ರಂದೇ ಬಂತು. 2021ರ ಆರೋಗ್ಯ ವೃತ್ತಿಗಳ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ಪ್ಯಾರಾಮೆಡಿಕ್ ವೃತ್ತಿಯೂ ಇದೆ. ತುರ್ತು ಚಿಕಿತ್ಸೆಗೆ ಬಿ.ಎಸ್ಸಿ. ಕೋರ್ಸೂ ಇದೆ. ಆದರೆ ಮನೆ ನಡೆಸಬೇಕಾದವನು ಕೆಲಸ ಬಿಟ್ಟು ವರ್ಷಗಟ್ಟಲೆ ಹಗಲು ಕಾಲೇಜಿಗೆ ಹೋಗಲು ಆಗುತ್ತದಾ?

ಸರ್ಕಾರ ಜಿಲ್ಲಾಸ್ಪತ್ರೆಗಳಲ್ಲೇ ಸಂಜೆ ಬ್ಯಾಚ್ ಶುರು ಮಾಡಲಿ. ವಯಸ್ಸಿನ ಮಿತಿ ಬೇಡ. ಮೊದಲ ಬ್ಯಾಚಿಗೆ ಖಾಸಗಿ ಆಂಬುಲೆನ್ಸ್ ಡ್ರೈವರ್‌ಗಳನ್ನೇ ಸೇರಿಸಿಕೊಳ್ಳಲಿ, ದಾರಿ ಅವರಿಗೆ ಗೊತ್ತು. ಸುಮ್ನೆ ಸರ್ಟಿಫಿಕೇಟ್ ಹಂಚುವುದಾದರೆ ಬೇಡವೇ ಬೇಡ. ಇಷ್ಟು ಗಂಟೆ, ಇಷ್ಟು ರೋಗಿ ಅಂತ ಲೆಕ್ಕ ಇರಲೇಬೇಕು. ಪಾಠ ಮಾಡಲು ಹೊರಗಿನಿಂದ ಯಾರನ್ನೂ ಕರೆಸಬೇಕಿಲ್ಲ. 108ರಲ್ಲಿ ರಾತ್ರಿಪಾಳಿ ಮಾಡಿ ಪಳಗಿದ ಇಎಂಟಿಗಳಿದ್ದಾರೆ. ಅವರಿಗೆ ಒಳ್ಳೆಯ ಸಂಬಳ ಕೊಟ್ಟು ಕೂರಿಸಿ.

– ತಿಪಟೂರಿನ ಓದುಗಿ, ಸದ್ಯ ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ