ಅಪ್ಪ ಸೇಫಾಗಿ ಮನೆ ಸೇರಿದ್ರು, ಬಾಕ್ಸ್‌ಗ್ರೋವ್ ಚರ್ಚಿನವರಿಗೆ ದೊಡ್ಡ ಥ್ಯಾಂಕ್ಸ್

ಎಲ್ರಿಗೂ ನಮಸ್ಕಾರ. ಇಂಗ್ಲೆಂಡಿಗೆ ಬಂದಿದ್ದ ಅಪ್ಪ ಅಮ್ಮ ಇಬ್ರೂ ಬೆಂಗಳೂರಿನ ಜಾಲಹಳ್ಳಿ ಮನೆ ಸೇರಿದ್ರು, ಅಪ್ಪ ಆಗ್ಲೇ ಪಕ್ಕದ್ಮನೆಯವರ ಹತ್ರ ಇಂಗ್ಲೆಂಡಿನ ಚಳಿ ಬಗ್ಗೆ ಭಾಷಣ ಶುರು ಮಾಡಿದಾರಂತೆ, ಅಂದ್ರೆ ಮಾತು ವಾಪಸ್ ಬಂದಿದೆ ಅಂತ ಅರ್ಥ. ಡಿಸೆಂಬರ್‌ನಲ್ಲಿ ಸ್ಟ್ರೋಕ್ ಆದಾಗಿಂದ ಫೋನ್ ಮಾಡಿದವರು, ಪೋರ್ಟ್ಸ್‌ಮತ್‌ನಿಂದ ಡಬ್ಬಿಲಿ ಸಾರು ಅನ್ನ ತಂದ ನಮ್ಮ ಕನ್ನಡದವರು, ಇನ್ಶೂರೆನ್ಸ್ ಫಾರ್ಮ್ ತುಂಬೋಕೆ ರಾತ್ರಿ ಕೂತವರು, ನಿಮ್ಮೆಲ್ರ ಋಣ ದೊಡ್ಡದು. ಆದ್ರೆ ಇವತ್ತು ಜಾಸ್ತಿ ಬರೀಬೇಕಾಗಿರೋದು ಬಾಕ್ಸ್‌ಗ್ರೋವ್ ಹಳ್ಳಿ ಚರ್ಚಿನವರ ಬಗ್ಗೆ. ಅವರಿಗೆ ಇಂಗ್ಲಿಷಲ್ಲಿ ಬೇರೆ ಕಾಗದ ಕೊಟ್ಟಿದೀನಿ, ಇದು ನಮ್ಮವರಿಗೂ ಗೊತ್ತಾಗ್ಲಿ ಅಂತ.

ಗೊತ್ತಿಲ್ದವರಿಗೆ, ಬಾಕ್ಸ್‌ಗ್ರೋವ್ ಅಂದ್ರೆ ಚಿಚೆಸ್ಟರ್ ಪಕ್ಕದ ಸಣ್ಣ ಹಳ್ಳಿ, ಎ27 ರಸ್ತೆ ದಾಟಿದ್ರೆ ಟ್ಯಾಂಗ್‌ಮಿಯರ್. ಅಲ್ಲಿನ ಚರ್ಚ್ ಮೊದ್ಲು 12ನೇ ಶತಮಾನದಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ಸನ್ಯಾಸಿಗಳ ಮಠ, 1530ರ ದಶಕದಲ್ಲಿ ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದಾಗ ಅರ್ಧ ಕೆಡವಿದ್ರು, ಉಳಿದರ್ಧ ಊರವರ ಚರ್ಚ್ ಆಯ್ತು. ಚಾವಣಿ ತುಂಬ ಬಳ್ಳಿ ಹೂವಿನ ಚಿತ್ರ, ಹಳೇದು, ಈಗ್ಲೂ ಚೆನ್ನಾಗಿದೆ.

ಅಪ್ಪನಿಗೆ ಅಲ್ಲಿಗೆ ಹೋಗೋ ಹುಚ್ಚು ಹಿಡಿಸಿದ್ದು ಟ್ಯಾಂಗ್‌ಮಿಯರ್‌ನ ಹಳೇ ಏರ್‌ಫೋರ್ಸ್ ನೆಲೆಯಲ್ಲಿರೋ ವಿಮಾನ ಮ್ಯೂಸಿಯಂ. ಅಪ್ಪ ನಮ್ಮ ಏರ್‌ಫೋರ್ಸ್‌ನಲ್ಲಿ ಹಂಟರ್ ಅನ್ನೋ ಯುದ್ಧ ವಿಮಾನದ ಕೆಲಸ ಮಾಡಿದವರು. ಮ್ಯೂಸಿಯಮ್ಮಲ್ಲಿ 1953ರಲ್ಲಿ ಪೈಲಟ್ ನೆವಿಲ್ ಡ್ಯೂಕ್ ಗಂಟೆಗೆ 727 ಮೈಲಿ ಓಡಿಸಿ ವಿಶ್ವ ದಾಖಲೆ ಮಾಡಿದ ಆ ಕೆಂಪು ಹಂಟರ್ರೇ ನಿಂತಿದೆ. ಅಪ್ಪ ಅದರ ಹೊಟ್ಟೆ ಕೆಳಗೆ ಬಗ್ಗಿ ನೋಡ್ತಾ ನಿಂತಿದ್ದು ನೋಡಿ ಅಲ್ಲಿನ ವಾಲಂಟಿಯರ್ ತಾತ ಬಂದ್ರು, ಇಬ್ರೂ ಸ್ಪ್ಯಾನರ್ ಸೈಜಿನ ಬಗ್ಗೆ ಏನೋ ಮಾತಾಡ್ಕೊಂಡ್ರು, ನಮಗೊಂದೂ ಅರ್ಥ ಆಗ್ಲಿಲ್ಲ. ಆ ತಾತ ಬಾಕ್ಸ್‌ಗ್ರೋವ್ ಚರ್ಚಿನವರೇ. ಬಿಲ್ಲಿ ಫಿಸ್ಕ್ ಸಮಾಧಿ ತೋರಿಸ್ತೀನಿ ಬನ್ನಿ ಅಂತ ಅವರೇ ಕರ್ಕೊಂಡು ಹೋದ್ರು.

ಈ ಬಿಲ್ಲಿ ಫಿಸ್ಕ್ ಅಮೆರಿಕದವನು. 1928ರಲ್ಲೂ 1932ರಲ್ಲೂ ವಿಂಟರ್ ಒಲಿಂಪಿಕ್ಸ್‌ನಲ್ಲಿ ಬಾಬ್‌ಸ್ಲೆಡ್ (ಐಸ್ ಮೇಲೆ ಜಾರೋ ಗಾಡಿ ರೇಸ್) ಚಿನ್ನ ಗೆದ್ದವನು. ಅಮೆರಿಕ ಇನ್ನೂ ಎರಡನೇ ಮಹಾಯುದ್ಧಕ್ಕೇ ಇಳಿದಿರ್ಲಿಲ್ಲ, ಇವನು ಕೆನಡಾದವನು ಅಂತ ಹೇಳ್ಕೊಂಡು ಬ್ರಿಟನ್ ಏರ್‌ಫೋರ್ಸ್ ಆದ ಆರ್‌ಎಎಫ್ ಸೇರಿದ. 1940ರ ಆಗಸ್ಟ್ 16ರಂದು ಜರ್ಮನಿಯ ಸ್ಟುಕಾ ಬಾಂಬರ್ ವಿಮಾನಗಳು ಟ್ಯಾಂಗ್‌ಮಿಯರ್ ಮೇಲೆ ಬಾಂಬ್ ಹಾಕಿದ ದಿನವೇ, ಏಟು ತಿಂದ ಹರಿಕೇನ್ ವಿಮಾನಾನ ಬಿಟ್ಟು ಹೊರಗೆ ಜಿಗಿಯದೆ ರನ್‌ವೇಗೇ ತಂದು ಇಳಿಸಿದ. ಮೈ ಸುಟ್ಟಿತ್ತು. ಮಾರನೇ ದಿನ ಚಿಚೆಸ್ಟರ್ ಆಸ್ಪತ್ರೆಲಿ ತೀರ್ಕೊಂಡ, 29 ವರ್ಷ. ಅವನ ನೆನಪಿಗೆ 2008ರಲ್ಲಿ ಚರ್ಚಲ್ಲಿ ಬಣ್ಣದ ಗಾಜಿನ ಕಿಟಕಿ ಹಾಕಿದಾರೆ. ಅಪ್ಪ ಪೈಲಟ್ ಬಗ್ಗೆ ಜಾಸ್ತಿ ಕೇಳ್ಲಿಲ್ಲ, ಬಾಂಬ್ ಬೀಳ್ತಿರೋವಾಗ ಅವನನ್ನ ಕಾಕ್‌ಪಿಟ್‌ನಿಂದ ಹೊರಗೆ ಎಳೆದವರು ಯಾರು ಅಂತ ಕೇಳಿದ್ರು. ಗ್ರೌಂಡ್ ಸ್ಟಾಫ್ ಬುದ್ಧಿ ಎಲ್ಲಿ ಹೋಗುತ್ತೆ!

ಆಮೇಲೆ ಪ್ರತಿ ವಾರ ಅಲ್ಲಿ ಹಾಜರಿ. 1622ರಲ್ಲಿ ಭಾನುವಾರ ಈ ಚರ್ಚ್ ಅಂಗಳದಲ್ಲಿ ಕ್ರಿಕೆಟ್ ಆಡಿದ್ದಕ್ಕೆ ಊರವರ ಮೇಲೆ ಕೇಸ್ ಹಾಕಿದ್ರಂತೆ, ಕಿಟಕಿ ಒಡೀತಿದ್ರು, ಒಂದು ಮಗುವಿಗೆ ಬ್ಯಾಟ್ ತಲೆಗೆ ಬೀಳೋದು ಸ್ವಲ್ಪದ್ರಲ್ಲಿ ತಪ್ಪಿತು ಅಂತ ದೂರು, ಮಜಾ ಅಂದ್ರೆ ಚರ್ಚ್ ನೋಡ್ಕೊಳೋ ವಾರ್ಡನ್‌ಗಳೇ ಅವರಿಗೆ ಸಪೋರ್ಟು. ಇದನ್ನ ಅಪ್ಪ ಬೆಂಗಳೂರಿನ ಎಲ್ಲ ವಾಟ್ಸಾಪ್ ಗ್ರೂಪಿಗೂ ಹಾಕಿದ್ರು.

ಅದಾಗಿ ಸ್ವಲ್ಪ ದಿನಕ್ಕೇ ಸ್ಟ್ರೋಕ್. ಬಲಗೈ ಎತ್ತೋಕಾಗಲ್ಲ, ಮಾತು ತೊದಲು, ಇಂಗ್ಲಿಷ್ ಪೂರ್ತಿ ಹೋಗಿ ಬರೀ ಕನ್ನಡ. ಆ ಭಾನುವಾರ ಅಪ್ಪ ಕಾಣಿಸ್ಲಿಲ್ಲ ಅಂತ ಆ ತಾತ ಫೋನ್ ಮಾಡಿದವರು, ಮಧ್ಯಾಹ್ನ ಆಸ್ಪತ್ರೆಗೇ ಬಂದ್ರು. ಅಮ್ಮನ್ನ ದಿನಾ ವಾರ್ಡಿಗೆ ಬಿಟ್ಟು ಕರ್ಕೊಂಡು ಬರೋಕೆ ಚರ್ಚಿನವರು ಪಾಳಿ ಹಾಕ್ಕೊಂಡ್ರು, ನಾನು ಕೆಲಸಕ್ಕೆ ರಜೆ ಮುಗಿದು ಕೂತಿದ್ದಾಗ ಅದಿಲ್ದಿದ್ರೆ ಏನು ಮಾಡ್ತಿದ್ನೋ. ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಅವರಿಗೆ ಕನ್ನಡ ಬರಲ್ಲ, ಆದ್ರೂ ಕಾರಲ್ಲಿ ದಾರಿಯುದ್ದಕ್ಕೂ ಮಾತು. ವೀಲ್‌ಚೇರ್ ಸಿಕ್ಕಿದ್ದೂ ಅವರಿಂದಲೇ. ನಾವು ಕ್ರಿಶ್ಚಿಯನ್ನರಾ, ಚರ್ಚಿಗೆ ಸೇರ್ತೀರಾ ಅಂತ ಯಾರೂ ಒಂದ್ಸಲ ಕೂಡ ಕೇಳ್ಲಿಲ್ಲ.

ಆ ಚರ್ಚ್ ಮೇರಿ ಮಾತೆ ಜೊತೆ ಸೇಂಟ್ ಬ್ಲೇಸ್ ಹೆಸರಲ್ಲೂ ಇರೋದು. ಬ್ಲೇಸ್ ಗಂಟಲು ಕಾಯಿಲೆ ವಾಸಿ ಮಾಡೋ ಸಂತ ಅಂತ ನಂಬಿಕೆ, ಫೆಬ್ರವರಿ 3 ಅವರ ದಿನ. ಅವತ್ತು ಬೆಲ್ ಬಾರಿಸೋ ಆಂಟಿ ಅಪ್ಪನ ಹೆಸರು ಹೇಳಿ ಪ್ರಾರ್ಥನೆ ಮಾಡಿದ್ರಂತೆ. ಅಮ್ಮ ಅಷ್ಟ್ರಲ್ಲಿ ಊರಲ್ಲಿ ಆಂಜನೇಯನಿಗೆ ಹರಕೆ ಹೊತ್ತಾಗಿತ್ತು. ಸ್ಪೀಚ್ ಥೆರಪಿಸ್ಟ್ ಹುಡುಗಿ ದಿನಾ ಕೂತು ಮಾಡಿಸಿದ ಅಭ್ಯಾಸದಿಂದ ಮಾತು ಬಂತು ಅಂತ ನನ್ನ ಲೆಕ್ಕ, ಅವಳಿಗೂ ಕೈ ಮುಗೀತೀನಿ. ಅಮ್ಮನ ಹತ್ರ ಇದನ್ನ ಹೇಳೋ ಧೈರ್ಯ ಇಲ್ಲ.

ವೀಸಾ ಮುಗಿಯೋದ್ರೊಳಗೆ ಡಾಕ್ಟರ್ ಪ್ರಯಾಣಕ್ಕೆ ಒಪ್ಪಿಗೆ ಕೊಟ್ರು, ಹೊರಡೋ ಮುಂಚೆ ಚರ್ಚಿನವರು ಟೀ ಕೇಕು ಇಟ್ಟು ಕಳಿಸಿದ್ರು. ಅವತ್ತು ಫೋಟೋ ತೆಗೆದವರು ದಯವಿಟ್ಟು ನಂಗೆ ಕಳ್ಸಿ, ಅಪ್ಪ ಬೆಳಿಗ್ಗೆಯಿಂದ ಕೇಳ್ತಿದಾರೆ. ಮತ್ತೆ ಡಬ್ಬಿ ಕೊಟ್ಟವರು, ನಿಮ್ಮ ಸ್ಟೀಲ್ ಡಬ್ಬಿಗಳು ಎಲ್ಲ ನಮ್ಮನೇಲೇ ಇವೆ, ಯಾವುದು ಯಾರದು ಅಂತ ಗೊತ್ತಾಗ್ತಿಲ್ಲ, ಬಂದು ಗುರುತು ಹಿಡ್ಕೊಂಡು ಹೋಗಿ.