ಹಿಡಿಯೊಳಗಿನ ಬಾಲ

ತೀರ್ಥಹಳ್ಳಿ

ಚಿ. ಸುಮಾಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಕಠ್ಮಂಡುವಿನಿಂದ ನೀನು ಕಳಿಸಿದ ಖುಕುರಿಯ, ಅಂದರೆ ಆ ನೇಪಾಳಿ ಬಾಗುಗತ್ತಿಯ, ಎರಡೂ ಫೋಟೊ ನೋಡಿದೆ. "ಮಾವ, ಎರಡು ಖುಕುರಿನೂ ಒಂದೇ ಥರ ಇವೆ, ಹಿಡಿ ಮಾತ್ರ ಬೇರೆ. ಯಾವುದು ತರಲಿ?" ಅಂತ ಕೇಳಿದ್ದೀಯ. ಹಿಡಿ ಬೇರೆ ಅಂದ ಮೇಲೆ ಒಂದೇ ಥರ ಹೇಗಾಗುತ್ತೆ ಪುಟ್ಟಿ? ಫೋನಿನಲ್ಲಿ ನಿನ್ನ ಮಾತು ಕತ್ತರಿಸಿ ಕತ್ತರಿಸಿ ಬರುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ಶಿಲ್ಲಾಂಗಿನಲ್ಲಿ ಗೂರ್ಖಾ ಪಲ್ಟನ್ನಿನ ಗಾಡಿ ರಿಪೇರಿ ಮಾಡಿಕೊಂಡಿದ್ದಾಗ, ಒಂದು ಸಲ ರಜೆಗೆ ಬರುವ ದಾರಿಯಲ್ಲಿ ಒಂದು ಖುಕುರಿ ಕೊಂಡೆ. ಕನ್ನಡಿ ಹಾಗೆ ಹೊಳೆಯುತ್ತಿತ್ತು. ಊರಿಗೆ ಬಂದವನೇ ನಿನ್ನ ಅಜ್ಜನ ಮುಂದೆ ಶೋಕಿ ಮಾಡುತ್ತಾ ಬಿದಿರು ಕಡಿಯಲು ನಿಂತೆ. ನಾಲ್ಕನೇ ಏಟಿಗೆ ಹಿಡಿ ನನ್ನ ಕೈಯಲ್ಲೇ ಉಳಿಯಿತು. ಅಲಗು ಹಾರಿ ಕೊಟ್ಟಿಗೆ ಗೋಡೆಗೆ ಬಡಿದು ಬಿತ್ತು. ಕರು ಅಲ್ಲೇ ಕಟ್ಟಿತ್ತು! ಹಿಡಿಯೊಳಗೆ ಹೋಗಿದ್ದ ಕಬ್ಬಿಣದ ಬಾಲ ನೋಡಿದರೆ ನನ್ನ ಕಿರುಬೆರಳಿನಷ್ಟೂ ಇರಲಿಲ್ಲ. ಅಜ್ಜ ಏನೂ ಅನ್ನಲಿಲ್ಲ. ಒಳಗೆ ಹೋಗಿ ತಮ್ಮ ಹಳೇ ಕತ್ತಿ ತಂದು ಉಳಿದ ಬಿದಿರು ಕಡಿದು ಹಾಕಿದರು.

ಆ ಮುರುಕನ್ನು ವಾಪಸ್ ಒಯ್ದು ನಮ್ಮ ಹವಾಲ್ದಾರರಿಗೆ ತೋರಿಸಿದೆ. ಪೂರ್ವ ನೇಪಾಳದ ಭೋಜ್‌ಪುರದವರು. ಖುಕುರಿಗೆ ಹೆಸರಾದ ಊರು ಅದು. ಅವರು ನಕ್ಕು, ಖುಕುರಿ ಕೊಳ್ಳುವವನು ಮೊದಲು ಹಿಡಿಯ ಬುಡ ತಿರುಗಿಸಿ ನೋಡಬೇಕು ಅಂದರು. ನಾನು ನಿನಗೆ ಹೇಳುವುದೂ ಅಷ್ಟೇ.

ನಿನ್ನ ಮೊದಲ ಫೋಟೊದಲ್ಲಿ ಹಿಡಿಯ ಅಂಚಿನುದ್ದಕ್ಕೂ ಉಕ್ಕು ಕಾಣುತ್ತೆ, ರಿವಿಟ್ ಹೊಡೆದಿದ್ದಾರೆ. ಅದು ಪಾನವಾಲ್. ಚಿರುವಾ ಅಂತಲೂ ಹೇಳುತ್ತಾರೆ. ಅಲಗಿನ ಉಕ್ಕೇ ಹಿಡಿಯ ಅಗಲಕ್ಕೆ ಕೊನೆವರೆಗೂ ಬಂದಿರುತ್ತೆ, ಎರಡೂ ಬದಿಗೆ ಮರದ ಪಟ್ಟಿ ಕೂರಿಸಿರುತ್ತಾರೆ. ಗಟ್ಟಿ, ಅನುಮಾನವೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಸೇನೆಗೆ ಮಾಡಿಸಿದ ಮಾರ್ಕ್ 3 ಖುಕುರಿಗೂ ಇಂಥದ್ದೇ ಹಿಡಿ. ಆದರೆ ಭಾರ ಹಿಂದಕ್ಕೆ ಬರುತ್ತೆ. ಖುಕುರಿಗೆ ಮುಂದೆ ಭಾರ ಇದ್ದರೇ ಚೆಂದ, ಏಟು ತಾನಾಗಿ ಇಳಿಯುತ್ತೆ. ಇನ್ನು, ಗಟ್ಟಿ ಕೊಂಬೆಗೆ ಹೊಡೆದಾಗ ಉಕ್ಕಿನ ಅದುರು ನೇರ ಅಂಗೈಗೆ ಬರುತ್ತೆ. ನಮ್ಮ ಮಳೆಗಾಲ ನಿನಗೆ ಗೊತ್ತಲ್ಲ, ಮರಕ್ಕೂ ಉಕ್ಕಿಗೂ ನಡುವೆ ನೀರು ಸೇರಿದರೆ ಒಳಗೊಳಗೇ ತುಕ್ಕು.

ಎರಡನೆಯದರ ಹಿಡಿ ಇಡೀ ಒಂದೇ ಮರದ್ದು. ಅಲಗು ಹಿಂದಕ್ಕೆ ಸಣ್ಣಗಾಗಿ ಇಲಿ ಬಾಲದ ಹಾಗೆ ಮರದೊಳಗೆ ಹೋಗಿರುತ್ತೆ. ಅಲ್ಲಿ ಅದನ್ನು ಕೂರಿಸುವುದು ಲಾಹಾದಿಂದ. ಲಾಹಾ ಅಂದರೆ ನಮ್ಮ ಅರಗು. ಕಾಯಿಸಿ ತುಂಬಿದರೆ ಹಿಡಿದುಕೊಳ್ಳುತ್ತೆ, ಮತ್ತೆ ಕಾಯಿಸಿದರೆ ಬಿಡುತ್ತೆ. ಇದೇ ಅದರ ಗುಣ, ಇದೇ ಅದರ ದೋಷ. ಬಿಸಿಲಲ್ಲಿ ನಿಂತ ಕಾರಿನಲ್ಲೋ ಒಲೆ ಪಕ್ಕದಲ್ಲೋ ಬಿಟ್ಟರೆ ಸಡಿಲವಾಗಬಹುದು. ಪಾಂಡವರ ಅರಗಿನ ಮನೆ ನೆನಪಿದೆಯಲ್ಲ! ಆದರೆ ಸಡಿಲವಾದರೆ ನಮ್ಮೂರ ಆಚಾರ್ರೇ ಅರ್ಧ ಗಂಟೆಯಲ್ಲಿ ಕೂರಿಸಿಕೊಡುತ್ತಾರೆ.

ಈ ಬಾಲದಲ್ಲೇ ಎರಡು ಜಾತಿ. ಒಂದು, ನನ್ನ ಕೈಗೆ ಸಿಕ್ಕಿದಂಥದ್ದು, ನಡುವೆಯೇ ನಿಂತುಬಿಡುತ್ತೆ. ಇನ್ನೊಂದು ಹಿಡಿಯನ್ನು ಹಾದು ಬುಡದವರೆಗೂ ಬರುತ್ತೆ. ಅಲ್ಲಿನ ಲೋಹದ ಬಿಲ್ಲೆಯಿಂದ ತುದಿ ಹೊರಬಂದಿರುತ್ತೆ, ಅದನ್ನು ಬಡಿದು ಮೊಳೆತಲೆಯ ಹಾಗೆ ಚಪ್ಪಟೆ ಮಾಡಿರುತ್ತಾರೆ. ಅರಗು ಬಿಟ್ಟರೂ ಅಲಗು ಹಾರುವುದಿಲ್ಲ. ನನ್ನನ್ನು ಕೇಳಿದರೆ ಇದನ್ನೇ ತಾ. ಅಂಗಡಿಯಲ್ಲಿ ಬುಡ ತಿರುಗಿಸಿ, ಸುತ್ತಿಗೆ ಏಟು ಬಿದ್ದ ಗುರುತು ಇದೆಯಾ ನೋಡು. ಸುಮ್ನೆ ಹಿತ್ತಾಳೆ ಬಿಲ್ಲೆ ಅಂಟಿಸಿ ಯಾಮಾರಿಸುವವರೂ ಇದ್ದಾರೆ. ಕಿವಿ ಹತ್ತಿರ ಹಿಡಿದು ಜೋರಾಗಿ ಅಲ್ಲಾಡಿಸು. 'ಟಿಕ್' ಅಂದರೆ ಅಲ್ಲೇ ಇಟ್ಟು ಬಾ.

ನಿನ್ನ ಕೈ ಚಿಕ್ಕದು, ಅದನ್ನು ಮರೆಯಬೇಡ. ಹಿಡಿಯ ನಡುವೆ ಒಂದು ಉಬ್ಬು ಬಳೆ ಇರುತ್ತೆ. ಅದು ನಿನ್ನ ಬೆರಳುಗಳ ಸಂದಿಗೆ ಸರಿಯಾಗಿ ಕೂತರೆ ಬಿಗಿ ಹಿಡಿತ, ಬೆರಳ ಕೆಳಗೇ ಬಂದರೆ ಹತ್ತು ಏಟಿಗೆ ಬೊಬ್ಬೆ. ನಾಲ್ಕಾರು ಹಿಡಿದು ನೋಡು, ಅಂಗಡಿಯವನಿಗೆ ಬೇಜಾರಾದರೆ ಆಗಲಿ. ಕೋಣದ ಕೊಂಬಿನ ಹಿಡಿ ನೋಡಲು ಚೆಂದ, ಆದರೆ ಬೆವರು ಕೈಗೆ ಜಾರುತ್ತೆ, ಒಣಗಿದರೆ ಬಿರುಕು ಬಿಡುತ್ತೆ. ಮರವೇ ಸಾಕು. ಅಲ್ಲಿ ಸಾತಿಸಾಲ್ ಅನ್ನುವುದು ನಮ್ಮ ಬೀಟೆಯೇ.

ಅಲಗಿನ ಬಗ್ಗೆ ಜಾಸ್ತಿ ಹೇಳಲ್ಲ. ಅಲ್ಲಿನ ಕಾಮಿಗಳು, ಅಂದರೆ ಕಮ್ಮಾರರು, ಹೆಚ್ಚಾಗಿ ಲಾರಿ ಸ್ಪ್ರಿಂಗ್ ಪಟ್ಟಿಯಿಂದಲೇ ಬಡಿಯುತ್ತಾರೆ. ಕಾದ ಅಲಗಿನ ಬಾಯಿಗೆ ಮಾತ್ರ ಕೆಟಲಿನಿಂದ ನೀರು ಸುರಿಯುತ್ತಾರೆ. ಬಾಯಿ ಗಡುಸಾಗುತ್ತೆ, ಬೆನ್ನು ಬಾಲ ಮೆತ್ತಗೇ ಉಳಿಯುತ್ತೆ. ಯಾರಾದರೂ ಮಾಡುವುದು ನೋಡಲು ಬಿಟ್ಟರೆ ನಿಂತು ನೋಡಿ ಬಾ.

ಒರೆಯಿಂದ ತೆಗೆಯುವಾಗ ಅಲಗಿನ ಬಾಯಿ ಇರುವ ಬದಿಗೆ ಬೆರಳು ಸುತ್ತಬೇಡ. ಹೊಲಿಗೆ ಕೊಯ್ದುಕೊಂಡು ಬೆರಳಿಗೆ ಬರುತ್ತೆ, ನನ್ನ ಹೆಬ್ಬೆರಳಿನ ಗಾಯ ನೋಡಿದ್ದೀಯಲ್ಲ. ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡ, ದೊಡ್ಡ ಬ್ಯಾಗಿನಲ್ಲಿ ಬಟ್ಟೆ ಸುತ್ತಿ ಹಾಕಿ ಲಗೇಜಿಗೆ ಕೊಡು.

ನಿನ್ನ ಅತ್ತೆಗೆ ಖುಕುರಿ ಬೇಡವಂತೆ. ನಮ್ಮ ಜುಮ್ಮನಕಾಯಿ ಹಾಗೆ ನಾಲಿಗೆ ಜುಮ್ ಅನ್ನಿಸುವ ಟಿಮ್ಮುರ್ ಅಲ್ಲಿ ಸಿಗುತ್ತೆ, ಕಾಲು ಕೆಜಿ ತಾ ಅಂದಿದ್ದಾಳೆ. ಶಿವಮೊಗ್ಗಕ್ಕೆ ಯಾವ ರೈಲು ಅಂತ ಮುಂಚೆಯೇ ತಿಳಿಸು, ಸ್ಟೇಷನ್ನಿಗೆ ಬರುತ್ತೇನೆ.

ಇಂತಿ ನಿನ್ನ ಮಾವ