ಕಬಿನಿಗೆ ಯಾಕೆ ಬರಲ್ಲ ಅಂತ ಕೇಳಿದ್ದೆಯಲ್ಲ

ಪ್ರೀತಿಯ ರಘು,

ನಿನ್ನ ಜೊತೆ ಫೋಟೋ ತೆಗೆಯಲು ಕಬಿನಿ ಕಾಡಿಗೆ ಯಾಕೆ ಬರಲ್ಲ ಅಂತ ಫೋನಿನಲ್ಲಿ ನೀನು ಕೇಳಿದಾಗ ಏನೋ ಒಂದು ಹೇಳಿ ಮಾತು ಬದಲಿಸಿದೆ. ಬರೆದರೆ ಸರಿಯಾಗಿ ಹೇಳಬಹುದು ಅನ್ನಿಸಿತು. ಎಲ್ಲರೆದುರೇ ಬರೆಯುತ್ತಿದ್ದೇನೆ. ಯಾಕಂದರೆ ನನ್ನ ಫೋಟೋ ನೋಡುವ ಉಳಿದವರೂ ಇದನ್ನೇ ಕೇಳುತ್ತಾರೆ: ಮೈಸೂರಿನಲ್ಲಿದ್ದು, ಕಾಡು ಇಷ್ಟು ಹತ್ತಿರ ಇಟ್ಟುಕೊಂಡು, ಸದಾ ಝೂಗೇ ಯಾಕೆ ಹೋಗ್ತೀಯ?

ಮೊದಲು ಝೂನಲ್ಲಿ ತೆಗೆದ ಆ ಮಕಾವ್ ಫೋಟೋ, ಅದೇ ನೀಲಿ-ಹಳದಿಯ ದೊಡ್ಡ ಗಿಳಿ. "ಜಾಲರಿ ಎಲ್ಲಿ ಹೋಯ್ತೋ?" ಅಂದೆ. ಎಲ್ಲೂ ಹೋಗಿಲ್ಲ, ಹಕ್ಕಿಗೂ ನನಗೂ ನಡುವೆಯೇ ಇದೆ. ಜಾಲರಿಯ ಮುಂದೆ ತಡೆಬೇಲಿ ಇರುವುದರಿಂದ ಲೆನ್ಸನ್ನು ಜಾಲರಿಗೆ ಒತ್ತಿ ಹಿಡಿಯಲು ಆಗಲ್ಲ. ಹಾಗಾಗಿ 300 ಎಂಎಂ ಲೆನ್ಸ್ ಹಾಕಿ, ಅಪರ್ಚರ್ (ಬೆಳಕು ಒಳಬರುವ ಕಂಡಿ) ಪೂರ್ತಿ ತೆರೆದು, ಹಕ್ಕಿ ಹಿಂದಿನ ಕೊಂಬೆಗೆ ಹೋಗುವವರೆಗೆ ನಿಲ್ಲುತ್ತೇನೆ. ಆಗ ಜಾಲರಿ ಕಾಣದಷ್ಟು ಮಸುಕಾಗುತ್ತದೆ. ಆಟೋಫೋಕಸ್ ನಂಬಬಾರದು, ಅದು ಕಂಬಿಯನ್ನೇ ಹಿಡಿಯುತ್ತದೆ. ಕೈಯಲ್ಲೇ ತಿರುಗಿಸಬೇಕು. ಜಾಲರಿಯ ಮೇಲೆ ಬಿಸಿಲು ಬಿದ್ದರೆ ಇಡೀ ಚಿತ್ರ ಮಂಕಾಗುತ್ತದೆ, ನೆರಳಿರುವ ಕಡೆ ಹುಡುಕಬೇಕು. ಗಾಜಾದರೆ ಲೆನ್ಸಿನ ಸುತ್ತ ಕಪ್ಪು ಬಟ್ಟೆ ಹಿಡಿದರೆ ಸಾಕು, ನಮ್ಮ ಮುಖ ಅದರಲ್ಲಿ ಮೂಡುವುದಿಲ್ಲ. ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ಇದನ್ನು ಓದುತ್ತಿರುವ ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ, ದಯವಿಟ್ಟು ಆ ಕಣ್ಣುಗಳಿಗೆ ಫ್ಲ್ಯಾಶ್ ಹೊಡೆಯಬೇಡಿ.

ನನ್ನ ಬಣ್ಣದ ಹುಚ್ಚು ನಿನಗೆ ಗೊತ್ತಲ್ಲ. ಮಕಾವ್ ಬೆನ್ನಿನ ನೀಲಿಯಲ್ಲಿ ನೀಲಿ ಬಣ್ಣವೇ ಇಲ್ಲ ಕಣೋ! ಗರಿಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಅವು ಬೆಳಕನ್ನು ಚದುರಿಸುವ ರೀತಿಗೆ ನಮಗದು ನೀಲಿ. ಗರಿಯನ್ನು ಕುಟ್ಟಿ ಪುಡಿ ಮಾಡಿದರೆ ನೀಲಿ ಉಳಿಯಲ್ಲ. ಎದೆಯ ಹಳದಿ ಮಾತ್ರ ನಿಜವಾದ ಬಣ್ಣ, ಗಿಳಿ ಜಾತಿಯವು ಅದನ್ನು ತಮ್ಮ ಮೈಯಲ್ಲೇ ಮಾಡಿಕೊಳ್ಳುತ್ತವೆ. ಫ್ಲೆಮಿಂಗೋಗೆ ಆ ಭಾಗ್ಯ ಇಲ್ಲ. ಅದರ ಗುಲಾಬಿ ಬಣ್ಣವೆಲ್ಲ ತಿಂದದ್ದರಿಂದ ಬಂದದ್ದು. ಝೂಗಳಲ್ಲಿ ಆಹಾರಕ್ಕೆ ಆ ಅಂಶ ಸೇರಿಸದಿದ್ದರೆ ಬಿಳಿಚಿಕೊಳ್ಳುತ್ತದೆ. ಇನ್ನು ನವಿಲಿನ ಕತ್ತು. ನೀನು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ನೀಲಿ ಹಸಿರಾಗುತ್ತದೆ. ಕಾರಂಜಿ ಕೆರೆಯ ಪಕ್ಷಿಮನೆಯೊಳಗೆ ನಡೆದು ಹೋಗಬಹುದಲ್ಲ, ಅಲ್ಲಿ ಹಕ್ಕಿಯೂ ನಾನೂ ಜಾಲರಿಯ ಒಳಗೇ. ಅಲ್ಲಿ ನಾನು ಜಾಸ್ತಿ ಹೊತ್ತು ಇರುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ಅಕ್ಕನ ಮಗಳು ಅದೇ ಮಕಾವ್ ಫೋಟೋ ನೋಡಿ, "ಮಾಮ, ಇದು ಯಾವ ಕಾಡು?" ಅಂದಳು. ಕಾಡಲ್ಲ ಪುಟ್ಟಿ, ಝೂ ಅಂದೆ. "ಮತ್ತೆ ಬೋನು?" ಅಂದಳು. ಅವತ್ತಿನಿಂದ ಈ ಮಾತು ತಲೆಯಿಂದ ಹೋಗುತ್ತಿಲ್ಲ. ನನ್ನ ಕೈ ಪಳಗಿದಷ್ಟೂ, ಆ ಹಕ್ಕಿ ಎಲ್ಲಿ ಬದುಕುತ್ತಿದೆ ಅನ್ನುವುದೇ ಚಿತ್ರದಲ್ಲಿ ಇಲ್ಲವಾಗುತ್ತಿದೆ.

ಝೂ ತಪ್ಪು ಅಂತ ನಾನು ಹೇಳುತ್ತಿಲ್ಲ. 1892ರಿಂದ ನಡೆದು ಬಂದ ಜಾಗ ಅದು. ಸಿಂಗಳೀಕ, ಸೀಳುನಾಯಿ, ತೋಳಗಳ ಸಂತಾನ ಉಳಿಸುವ ಕೆಲಸ ಅಲ್ಲಿ ನಡೆಯುತ್ತದೆ. ದಕ್ಷಿಣ ಅಮೆರಿಕದ ಮಕಾವ್‌ಗೆ ಇಲ್ಲಿ ಬಾಗಿಲು ತೆರೆದು ಬಿಟ್ಟರೆ ಅದು ಎಲ್ಲಿಗೆ ಹೋಗಬೇಕು? ನನ್ನ ಸಂಕಟ ಅದಲ್ಲ.

ಕಬಿನಿಯಲ್ಲಿ ನೀನು ಕರಿಚಿರತೆಗೆ ಕಾಯುತ್ತೀಯ. ಬರಬಹುದು, ಬರದೇ ಇರಬಹುದು, ಅದೇ ಮಜಾ ಅನ್ನುತ್ತೀಯ. ಆ "ಬರದೇ ಇರಬಹುದು" ನನಗೆ ತಡೆಯಲಾಗಲ್ಲ ರಘು. ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ಹಾಗೇ ಕಾದಿದ್ದೆ. ಅಮ್ಮ ಹೋದ ಮೇಲೆ ಎಲ್ಲೂ, ಯಾವುದಕ್ಕೂ ಕಾಯಲು ಮನಸ್ಸು ಒಪ್ಪುತ್ತಿಲ್ಲ. ಝೂನಲ್ಲಿ ಹಕ್ಕಿ ಕೊಂಬೆ ಬದಲಿಸಲಿ ಅಂತ ಕಾಯುವುದು ಕಾಯುವುದೇ ಅಲ್ಲ, ಅದು ಅಲ್ಲೇ ಇರುತ್ತದಲ್ಲ. ಇವತ್ತು ಹೋದರೂ ಇರುತ್ತದೆ, ಮುಂದಿನ ವಾರ ಹೋದರೂ ಇರುತ್ತದೆ. ನನಗೆ ಆ ಧೈರ್ಯ ಬೇಕು, ಅದಕ್ಕೇ ಹೋಗುತ್ತೇನೆ. ಆದರೆ ಆ ಧೈರ್ಯ ಕೊಡುತ್ತಿರುವುದು ಜಾಲರಿ. ಚಿತ್ರದಲ್ಲಿ ಕಾಣದ ಹಾಗೆ ಮಾಡಲು ನಾನು ಅಷ್ಟು ಒದ್ದಾಡುವುದೂ ಅದನ್ನೇ.

ಇಷ್ಟೆಲ್ಲ ಬರೆಯುವ ಯೋಚನೆ ಇರಲಿಲ್ಲ. ಇದನ್ನು ಓದಿ ಅಕ್ಕ ಈಗಲೇ ಫೋನ್ ಮಾಡುತ್ತಾಳೆ. ಅಕ್ಕಾ, ನಾನು ಚೆನ್ನಾಗಿದ್ದೇನೆ, ಊಟವೂ ಆಯ್ತು.

ರಘು, ಒಂದು ಕೆಲಸ ಮಾಡೋಣ. ಕಬಿನಿ ಇನ್ನೂ ಸ್ವಲ್ಪ ದಿನ ಇರಲಿ, ಮೊದಲು ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮ ಆದ ಜಾಗ. ಅಲ್ಲಿ ಜಾಲರಿಯೂ ಇಲ್ಲ, ಫೆಬ್ರವರಿ, ಮಾರ್ಚ್ ಹೊತ್ತಿಗೆ ಹೋದರೆ ಬಣ್ಣದ ಕೊಕ್ಕರೆಗಳು ಗೂಡು ಬಿಟ್ಟು ಹೋಗುವುದೂ ಇಲ್ಲ. ನನಗೆ ಅಷ್ಟು ಸಾಕು, ಅಲ್ಲಿಂದ ಶುರು ಮಾಡುತ್ತೇನೆ. ದೋಣಿಯಲ್ಲಿ ಹೆಜ್ಜಾರ್ಲೆ (ಪೆಲಿಕನ್) ಕಡೆಗೆ ನೀನು ಕೂರು, ಮೊಸಳೆ ಕಡೆಗೆ ನಾನು. ಹಿಂದಿನ ದಿನವೇ ಬಂದರೆ ಝೂಗೂ ಹೋಗಿ ಬರೋಣ. ಜಾಲರಿಯ ಮೇಲೆಯೇ ಫೋಕಸ್ ಮಾಡಿ, ಅದರ ಹಿಂದೆ ಮಕಾವ್ ಬರೀ ಬಣ್ಣವಾಗಿ ಉಳಿಯುವ ಹಾಗೆ ಒಂದು ಚಿತ್ರ ತೆಗೆಯಬೇಕು ಅಂತಿದ್ದೇನೆ. ಅದನ್ನು ಪುಟ್ಟಿಗೆ ಕೊಡಬೇಕು. ಮಂಗಳವಾರ ಮಾತ್ರ ಬರಬೇಡ, ಝೂಗೆ ರಜೆ.

ಮತ್ತೆ ಈ ಸಲ ಬೈನಾಕ್ಯುಲರ್ ನನ್ನ ಹತ್ತಿರವೇ ಇರುತ್ತದೆ. ಯಾಕೆ ಅಂತ ಬೇಕಾದರೆ ಆ ಟೀ ಅಂಗಡಿಯವರನ್ನು ಕೇಳು.

ನಿನ್ನ,
ಮಧು